ಜೋಡುಪಾಲದಲ್ಲಿ ನಿಂತ ಅಂಬಾಸಿಡರ್

ಸುಳ್ಯದ ಕಡೆಯಿಂದ ಮಡಿಕೇರಿಗೆ ಹತ್ತುವಾಗ ಸಂಪಾಜೆ, ಕೊಯನಾಡು ದಾಟಿ ಜೋಡುಪಾಲದಲ್ಲಿ ಕಾಫಿಗೆ ನಿಲ್ಲಿಸುವುದು ಅಪ್ಪನ ಕಾಲದಿಂದ ಬಂದ ರೂಢಿ. ಹೋದ ವರ್ಷ ಬೇಸಿಗೆಯಲ್ಲಿ ಮೂರು ಸಲ ಅಲ್ಲೇ ಕೈಕೊಟ್ಟಿತು ನಮ್ಮ 1978ರ ಅಂಬಾಸಿಡರ್. ಘಾಟಿಯಲ್ಲಿ ಒಂದು ಸೀನೂ ಸೀನದೆ ಹತ್ತಿ ಬಂದಿರುತ್ತದೆ. ಕಾಫಿ ಕುಡಿದು ಬಂದು ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಪೆಟ್ರೋಲ್ ಏರ್ ಲಾಕ್ ಆಗಿದೆ, ಪಂಪಿಗೆ ಒದ್ದೆ ಬಟ್ಟೆ ಹಾಕಿ." ಅಂದರೆ ಪೆಟ್ರೋಲ್ ಬಿಸಿಗೆ ಆವಿಯಾಗಿ ದಾರಿ ಕಟ್ಟಿದೆ ಎಂದು. ಹಾಕಿದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಸ್ಟಾರ್ಟ್! ಹೀಗಾದ ಮೇಲೆ ಯಾರು ತಾನೆ ಬೇರೆ ಯೋಚನೆ ಮಾಡುತ್ತಾರೆ? ಮನೆಗೆ ಬಂದು ಪೆಟ್ರೋಲ್ ಪಂಪ್ ಹೊಸದು ಹಾಕಿಸಿದೆ. ಪೈಪಿಗೆ ಶಾಖ ತಾಗದ ಹಾಗೆ ಸುತ್ತು ಕಟ್ಟಿದೆ. ಪ್ಲಗ್ ನಾಲ್ಕೂ ಬದಲಾಯಿಸಿದೆ. ಮುಂದಿನ ಸಲ ಮತ್ತೆ ಜೋಡುಪಾಲದಲ್ಲೇ ನಿಂತಿತು.

ಒದ್ದೆ ಬಟ್ಟೆ ಹಾಕಿದ ಅರ್ಧ ಗಂಟೆಯಲ್ಲಿ ತಣ್ಣಗಾಗುವುದು ಪಂಪ್ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಗ. ಬಾನೆಟ್ ಒಳಗಿನ ಪ್ರತಿಯೊಂದು ಸಾಮಾನೂ ತಣ್ಣಗಾಗುತ್ತದೆ. ಕಿಡಿಗೆ ಬೇಕಾದ ವೋಲ್ಟ್ ಹುಟ್ಟಿಸುವ ಕಾಯಿಲ್, ಅದರ ಜೊತೆಯ ಕಂಡೆನ್ಸರ್, ಎಲ್ಲವೂ. ಹಾಗಿದ್ದರೆ ಗುಣವಾದದ್ದು ಬಟ್ಟೆಯಿಂದಲೇ ಎಂದು ಹೇಳುವುದು ಹೇಗೆ? ಕೆಟ್ಟು ನಿಂತಿರುವಾಗಲೇ, ಬಿಸಿಯಾಗಿರುವಾಗಲೇ ಪರೀಕ್ಷೆ ಮಾಡಬೇಕು. ಸರಿಯಾದ ಮೇಲೆ ಎಷ್ಟು ನೋಡಿದರೂ ಎಲ್ಲವೂ ಸರಿಯೇ ಕಾಣುತ್ತದೆ.

ಮೂರ್ನಾಡಿನಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಕಾಕ. ಕೆಲಸ ಬಿಟ್ಟು ವರ್ಷಗಳಾದರೂ ನಮ್ಮ ಕಾರಿನ ಶಬ್ದ ಗೇಟಿನಿಂದಲೇ ಗುರುತಿಸುತ್ತಾರೆ. "ಕಾಕ, ಬೇಕಂತಲೇ ಕೆಡಿಸಲಿಕ್ಕೆ ಹೋಗುವ, ಬರ್ತೀರಾ?" ಎಂದೆ. "ಬರ್ತೇನೆ ಮೋನೇ, ಹ್ಯಾಂಡಲ್ ಮರೀಬೇಡ" ಎಂದರು.

ಬೆಳಿಗ್ಗೆ ಹೊರಡುವ ಮೊದಲು, ತಣ್ಣಗಿನ ಎಂಜಿನ್‌ನಲ್ಲಿ ಕಿಡಿ ಹೇಗಿದೆ ನೋಡಿಟ್ಟುಕೊಂಡೆವು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ (ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಭಾಗ) ಬರುವ ನಡುವಿನ ದಪ್ಪ ವೈರನ್ನು ಅದರ ಮುಚ್ಚಳದಿಂದ, ಅಂದರೆ ಕ್ಯಾಪಿನಿಂದ, ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ ಕಬ್ಬಿಣದಿಂದ ಸುಮಾರು 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿದೆ. ಟಪ್ ಟಪ್ ಎಂದು ನೀಲಿ ಕಿಡಿ ಹಾರಿತು. ಮೀಟರ್ ಹಿಡಿದರೆ ಕಾಯಿಲಿನ ಎರಡು ಸಣ್ಣ ಟರ್ಮಿನಲ್ ನಡುವೆ 3.2 ಓಮ್. ಎರಡನ್ನೂ ಬರೆದುಕೊಂಡೆ.

ಸಂಪಾಜೆವರೆಗೆ ಇಳಿದು, ತಿರುಗಿ ಹತ್ತಿ, ಜೋಡುಪಾಲದಲ್ಲಿ ನಿಲ್ಲಿಸಿದೆವು. ಬಾನೆಟ್ ತೆರೆಯಲಿಲ್ಲ. ಎಂಜಿನ್ ನಿಂತ ಕೂಡಲೇ ಫ್ಯಾನೂ ನಿಲ್ಲುತ್ತದೆ, ನೀರಿನ ಓಟವೂ ನಿಲ್ಲುತ್ತದೆ. ಒಳಗಿನ ಬಿಸಿ ಓಡುವಾಗಿನದಕ್ಕಿಂತ ನಿಂತ ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಜಾಸ್ತಿ. ಕಾಫಿ ಮುಗಿಸಿ ಸೆಲ್ಫ್ ಹೊಡೆದೆ. ಆಗಲಿಲ್ಲ. ನನಗೆ ಅವತ್ತು ಆದಷ್ಟು ಖುಷಿ ಕಾರು ಸ್ಟಾರ್ಟ್ ಆದಾಗಲೂ ಆಗಿರಲಿಲ್ಲ.

ಮೊದಲು ಪೆಟ್ರೋಲ್. ಕಾರ್ಬೊರೇಟರಿಗೆ ಸೇರುವ ಪೈಪ್ ಬಿಚ್ಚಿ ಅದರ ಬಾಯಿಗೆ ಬಾಟಲಿ ಹಿಡಿದು, ಇಗ್ನಿಷನ್ ಆಫ್ ಇಟ್ಟು, ಕಾಕ ಕಾರಿನ ಮುಂದಿನಿಂದ ಎಂಜಿನ್‌ಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿದರು. (ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.) ಪೆಟ್ರೋಲ್ ಗುಳ್ಳೆಯಿಲ್ಲದೆ ಚಿಮ್ಮಿ ಚಿಮ್ಮಿ ಬಂತು. ಏರ್ ಲಾಕ್ ಆಗಿದ್ದರೆ ಹೀಗೆ ಬರುವ ಮಾತೇ ಇಲ್ಲ.

ಪೈಪ್ ಬಿಗಿದು, ಚೆಲ್ಲಿದ್ದನ್ನು ಒರೆಸಿ, ಬಾಟಲಿ ದೂರ ಇಟ್ಟು, ಆವಿ ಆರುವವರೆಗೆ ಕಾದ ಮೇಲೆಯೇ ಕಿಡಿ ನೋಡಿದ್ದು. ಬೆಳಿಗ್ಗೆಯ ಅದೇ ವೈರ್, ಅದೇ 6 ಮಿ.ಮೀ. ಏನೂ ಇಲ್ಲ. ಹತ್ತಿರ, ಹತ್ತಿರ ತಂದು 2 ಮಿ.ಮೀ.ಗೆ ಬಂದಾಗ ಹಳದಿ ಬಣ್ಣದ, ದಾರದಂಥ ಒಂದು ಎಳೆ. ಕಾಕ ನನ್ನ ಮುಖ ನೋಡಿದರು. ಇಷ್ಟು ದಿನ ಪೆಟ್ರೋಲಿನ ಹಿಂದೆ ಬಿದ್ದಿದ್ದೆ, ದೋಷ ಕರೆಂಟಿನದು.

ಕಾಯಿಲ್ ಮುಟ್ಟಲಾಗದಷ್ಟು ಬಿಸಿ ಇತ್ತು. ಅದೇ ಇರಬೇಕು ಎನಿಸಿತು. ಮೀಟರ್ ಹಿಡಿದರೆ 3.7. ತಾಮ್ರ ಬಿಸಿಯಾದಾಗ ಅಷ್ಟು ಏರುವುದು ಸಹಜ, ಒಳಗೆ ತಂತಿ ಕಡಿದಿದ್ದರೆ ಮೀಟರಿನ ಮುಳ್ಳು ಕದಲುತ್ತಲೇ ಇರಲಿಲ್ಲ. ಆಮೇಲೆ ಕಾಕ ಕ್ಯಾಪ್ ತೆಗೆದು, ಇಗ್ನಿಷನ್ ಆನ್ ಮಾಡಿಸಿ, ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ, ಆಗ ಮುಚ್ಚಿದ್ದ ಪಾಯಿಂಟನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಮೆಲ್ಲಗೆ ಬಿಡಿಸಿ ತೋರಿಸಿದರು. ಪಾಯಿಂಟ್ ಬಿಡಿಸಿದಾಗಲೆಲ್ಲ ನಡುವೆ ಫಕ್ಕನೆ ದೊಡ್ಡ ಕಿಡಿ. "ಪ್ಲಗ್ಗಿಗೆ ಹೋಗಬೇಕಾದ್ದು ಇಲ್ಲೇ ಉರಿದು ಹೋಗ್ತಾ ಉಂಟು. ಕಂಡೆನ್ಸರ್ ಸತ್ತಿದೆ."

ಪಾಯಿಂಟ್ ಬಿಟ್ಟ ಕ್ಷಣ ಕಾಯಿಲಿನ ಕರೆಂಟ್ ಥಟ್ಟನೆ ನಿಲ್ಲಬೇಕು. ಹಾಗೆ ನಿಂತರೇ ಪ್ಲಗ್ಗಿನ ಕಡೆ ಸಾವಿರಾರು ವೋಲ್ಟ್ ಹುಟ್ಟುವುದು. ಆ ಕ್ಷಣ ಪಾಯಿಂಟಿನ ಸಂದಿ ಹಾರಲು ನೋಡುವ ಕರೆಂಟನ್ನು ತನ್ನೊಳಗೆ ಹೀರಿಕೊಳ್ಳುವುದು ಬೆರಳ ತುದಿಯಷ್ಟಿರುವ ಈ ಕಂಡೆನ್ಸರ್. ಒಳಗಿನ ಸುರುಳಿ ಕೆಟ್ಟದ್ದು ತಣ್ಣಗಿರುವಾಗ ಹೇಗೋ ಕೆಲಸ ಮಾಡುತ್ತದೆ, ಬಿಸಿಯಾದರೆ ಸೋರುತ್ತದೆ. ನಮ್ಮ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದಿತ್ತು. ಅದನ್ನು ನಾನು ತಿಂಗಳ ಹಿಂದೆಯೇ ನೋಡಿ ಉಜ್ಜಿ ಸುಮ್ಮನಾಗಿದ್ದೆ.

ಕಾಕನ ಜೇಬಿನಲ್ಲಿ ಹಳೆಯ ಪೆಟ್ರೋಲ್ ಜೀಪಿನಿಂದ ಬಿಚ್ಚಿದ ಒಂದು ಕಂಡೆನ್ಸರ್ ಇತ್ತು. ಕಂಡೆನ್ಸರ್ ಡಿಸ್ಟ್ರಿಬ್ಯೂಟರ್ ಒಳಗೇ ಕೂರಬೇಕು ಎಂದಿಲ್ಲ. ಅದರ ಮೈ ಕಾರಿನ ತಗಡಿಗೆ ತಾಗಿ ಅರ್ಥ್ ಆಗಿ, ಅದರ ವೈರ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ತೆಳು ವೈರ್ ಹೋಗುವ ಸಣ್ಣ ಟರ್ಮಿನಲ್ಲಿಗೆ ಸೇರಿದರೆ ಸಾಕು. ನಾನೇ ಕಟ್ಟಿದೆ. ಸೆಲ್ಫ್ ಹೊಡೆದರೆ ಆಗಲಿಲ್ಲ! "ಹಳೇದು ಬಿಚ್ಚಿದೆಯಾ?" ಎಂದರು. ಬಿಚ್ಚಿರಲಿಲ್ಲ. ಸೋರುವ ಕೊಡ ಹಾಗೇ ಇಟ್ಟು ಪಕ್ಕದಲ್ಲಿ ಹೊಸ ಕೊಡ ಇಟ್ಟರೆ ಸೋರುವುದು ನಿಲ್ಲುತ್ತದೆಯೇ? ಹಳೆಯದರ ವೈರ್ ಕಳಚಿದೆ. ಎಂಜಿನ್ ಅರ್ಧ ಸುತ್ತು ತಿರುಗುವುದರೊಳಗೆ ಸ್ಟಾರ್ಟ್, ಬಾನೆಟ್ ಒಳಗೆ ಅದೇ ಬಿಸಿ ಇರುವಾಗಲೇ.

ಮನೆಯಲ್ಲಿ ಹೊಸ ಪಾಯಿಂಟ್ ಹಾಕಿ, ಪಾಯಿಂಟ್ ಬಿಡಿಸುವ ಉಬ್ಬಿನ (ಕ್ಯಾಮಿನ) ಎತ್ತರದ ಮೇಲೆ ಅದರ ಉಜ್ಜುವ ತುಂಡು ನಿಂತಾಗ 0.38 ಮಿ.ಮೀ. ಸಂದಿ ಇಟ್ಟೆ. ಪಾಯಿಂಟ್ ಸಂದಿ ಬದಲಾದರೆ ಕಿಡಿ ಹಾರುವ ಹೊತ್ತು (ಟೈಮಿಂಗ್) ಕೂಡ ಸರಿಯುತ್ತದೆ, ಅದನ್ನೂ ಮತ್ತೆ ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಹೊಸ ಕಂಡೆನ್ಸರ್ ಎರಡೇ ತಿಂಗಳಿಗೆ ಕೈಕೊಟ್ಟಿತು. ಅದಕ್ಕೇ ಈಗ ಮತ್ತೊಂದನ್ನು ಎಂಜಿನ್ ಶಾಖದಿಂದ ದೂರ, ಮಡ್‌ಗಾರ್ಡಿನ ಒಳಬದಿಯ ತಗಡಿಗೆ ಬಣ್ಣ ಕೆರೆದು ಬೋಲ್ಟ್ ಹಾಕಿ ಕೂರಿಸಿದ್ದೇನೆ.

ಮಳೆಗಾಲದ ತೊಂದರೆ ಬೇರೆಯೇ. ಜೂನ್ ಬಂತೆಂದರೆ ಬೆಳಗಿನ ಮಂಜಿಗೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಹನಿ ಕಟ್ಟುತ್ತದೆ, ಕಿಡಿ ಪ್ಲಗ್ ಬಿಟ್ಟು ಆ ತೇವದ ಮೇಲೆ ಹರಿಯುತ್ತದೆ. ಒರೆಸಿದರೆ ಸಾಕು. ಆದರೆ ಒಳಗೆ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪೇ ಹೊಸದು ಬೇಕು. ವೈರುಗಳ ಸ್ಥಿತಿ ತಿಳಿಯಲು ರಾತ್ರಿ ಶೆಡ್ಡಿನ ದೀಪ ಆರಿಸಿ, ಎಂಜಿನ್ ಓಡುವಾಗ ಬಾನೆಟ್ ಎತ್ತಿ ನೋಡುತ್ತೇನೆ. ಸೋರುವ ವೈರಿನ ಸುತ್ತ ನೀಲಿ ಬೆಳಕು ಹರಿದಾಡುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕಾರು ನಾಲ್ಕು ದಿನ ನಿಲ್ಲುವುದಿದ್ದರೆ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎರಡನ್ನೂ ಬಿಚ್ಚಿ ತಂದು ಅಡುಗೆಮನೆಯ ಒಲೆ ಪಕ್ಕದ ಗೂಡಿನಲ್ಲಿ ಇಡುತ್ತೇನೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಾದರೆ ಕಾರ್ಬೊರೇಟರ್ ಬಟ್ಟಲನ್ನೂ ಒಮ್ಮೆ ಖಾಲಿ ಮಾಡುವುದು ಒಳ್ಳೆಯದು.

ಸೆಲ್ಫೇ ನಿಧಾನವಾಗಿ ತಿರುಗಿದರೆ ಬ್ಯಾಟರಿ ಬದಲಾಯಿಸುವ ಮೊದಲು ಎಂಜಿನ್‌ನಿಂದ ಕಾರಿನ ಮೈಗೆ ಹೋಗುವ ಜಡೆಯಂಥ ಅರ್ಥ್ ಪಟ್ಟಿ ನೋಡಿ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಆ ಪಟ್ಟಿ ಹಸಿರುಗಟ್ಟಿದರೆ ಕರೆಂಟಿಗೆ ದಾರಿಯೇ ಇಲ್ಲ.

ಈ ಏಪ್ರಿಲ್‌ನಲ್ಲಿ ಜೋಡುಪಾಲದಲ್ಲಿ ಬಾನೆಟ್ ತೆರೆಯದೆ ಅರ್ಧ ಗಂಟೆ ನಿಲ್ಲಿಸಿದೆ. ಮೊದಲ ಸೆಲ್ಫಿಗೇ ಸ್ಟಾರ್ಟ್ ಆಯಿತು. ಕಾಕನ ಜೀಪಿನ ಕಂಡೆನ್ಸರ್ ಬಟ್ಟೆ ಸುತ್ತಿ ಡ್ಯಾಶ್‌ಬೋರ್ಡ್ ಗೂಡಿನಲ್ಲೇ ಇದೆ. ಕ್ಯಾಪಿನಲ್ಲಿ ಮಾತ್ರ ಕೂದಲೆಳೆಯಂಥ ಒಂದು ಗೆರೆ ಶುರುವಾಗಿದೆ. ಮಳೆ ಹಿಡಿಯುವ ಮೊದಲು ಬರಬೇಕೆಂದು ಹೊಸದಕ್ಕೆ ಹೇಳಿಟ್ಟಿದ್ದೇನೆ.