ಸ್ಟೆಂಟ್ ಹಾಕಿಸಿಕೊಂಡು ಬಂದವರ ಹೊಸ ದಿನಚರಿ: ಮನೆಯವರು ಮಾಡಬೇಕಾದ್ದೇನು?

ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಸಲಹೆಗಳ ಪಟ್ಟಿ ಉದ್ದವಿರುತ್ತದೆ. ಎಲ್ಲವನ್ನೂ ಮರುದಿನವೇ ಹಿಡಿದರೆ ತಿಂಗಳೊಳಗೆ ಒಂದೊಂದಾಗಿ ಬಿಟ್ಟುಹೋಗುತ್ತವೆ. ಒಂದು ರೂಢಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಮಾತ್ರೆ ಮತ್ತು ತಂಬಾಕಿಗೆ ಮಾತ್ರ ಈ ವಿನಾಯಿತಿ ಇಲ್ಲ.

ಮೊದಲು ಮಾತ್ರೆ

ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಮಾತ್ರೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಇರುತ್ತದೆ. 'ಈಗ ಆರಾಮಾಗಿದ್ದೇನಲ್ಲ' ಎಂದು ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸಬೇಕಾಗಿ ಬಂದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ಮೈಕೈ ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆಯನ್ನು ತಾವಾಗಿಯೇ ನುಂಗುವುದೂ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಬಿ.ಪಿ.ಯೂ ಏರುತ್ತದೆ.

ವಾರದ ಏಳು ದಿನಕ್ಕೂ ಬೇರೆ ಬೇರೆ ಗೂಡಿರುವ ಡಬ್ಬಿ ತನ್ನಿ. ಅದನ್ನು ಬಚ್ಚಲಿನಲ್ಲಿಟ್ಟರೆ ತೇವಕ್ಕೆ ಮಾತ್ರೆ ಕೆಡುತ್ತದೆ. ಊಟಕ್ಕೆ ಕೂರುವ ಜಾಗದಲ್ಲಿ ಕಣ್ಣಿಗೆ ಬೀಳುವಂತಿಡಿ. ದಿನಕ್ಕೆರಡು ಸಲದ ಮಾತ್ರೆಯಲ್ಲಿ ಮರೆತುಹೋಗುವುದು ಹೆಚ್ಚಾಗಿ ಸಂಜೆಯದು. ಮರೆತಿದ್ದಕ್ಕೆ ಸೇರಿಸಿ ಎರಡು ನುಂಗಬಾರದು. ವಾರಕ್ಕಾಗುವಷ್ಟು ಉಳಿದಿರುವಾಗಲೇ ಹೊಸದು ತರಿಸಿ.

ತಂಬಾಕು

ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಚಟದ ಸೆಳೆತ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ; ಅಷ್ಟು ಹೊತ್ತು ಎದ್ದು ಓಡಾಡಲಿ, ನೀರು ಕುಡಿಯಲಿ. ತಡೆಯಲಾಗದಿದ್ದರೆ ನಿಕೋಟಿನ್ ಪಟ್ಟಿ, ಗಮ್ ಆಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ. ಮನೆಯಲ್ಲಿ ಬೇರೊಬ್ಬರು ಸೇದುತ್ತಿದ್ದರೆ ರೋಗಿಗೆ ಬಿಡುವುದು ಇನ್ನೂ ಕಷ್ಟ.

ನಡಿಗೆ

ವೈದ್ಯರು ಒಪ್ಪಿದ ಮೇಲೆ ಸಮತಟ್ಟು ಜಾಗದಲ್ಲಿ 5ರಿಂದ 10 ನಿಮಿಷ, ದಿನಕ್ಕೆರಡು ಸಲ. ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ವಾರದ ಐದು ದಿನ 30 ನಿಮಿಷಕ್ಕೆ ತಲುಪಿದರೆ ಸಾಕು. ಕೈಗಡಿಯಾರದ ನಾಡಿ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ: ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ನಾಡಿಬಡಿತ ನಿಧಾನಿಸುವ) ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಹೆಚ್ಚು ಏರುವುದಿಲ್ಲ. ಜೊತೆಗೆ ನಡೆಯುತ್ತಾ ಮಾತಾಡಿಸಿ. ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿ, ನಾಲ್ಕು ಪದಕ್ಕೇ ಏದುಸಿರು ಬಂದರೆ ನಿಧಾನಿಸಿ. ಕೊನೆಯ ಕೆಲವು ನಿಮಿಷ ಮೆಲ್ಲಗೆ ನಡೆಯಬೇಕು. ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಸುತ್ತು ಬರುತ್ತದೆ.

ಸ್ಟೆಂಟ್ ಬದಲು ಎದೆ ತೆರೆದು ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆ ಆದವರ ಎದೆಮೂಳೆ ಕೂಡಲು ಕನಿಷ್ಠ 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವುದು, ಕೈಯೂರಿ ಏಳುವುದು ಬೇಡ.

ಉಪ್ಪನ್ನು ಅಳೆಯುವುದು ಹೀಗೆ

ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಮಿತಿ. ಪಾತ್ರೆಗೆ ಹಾಕುವಾಗ ದಿನಾ ಅಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬದಲಿಗೆ ಉಪ್ಪಿನ ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲಾ 8 ಗ್ರಾಂ ದಾಟಿದೆ ಎಂದರ್ಥ, ಅದೂ ಪೊಟ್ಟಣದ ತಿಂಡಿಯ ಉಪ್ಪನ್ನು ಬಿಟ್ಟು. ಒಂದೇ ದಿನ ಅರ್ಧಕ್ಕಿಳಿಸಿದರೆ ಊಟ ಸೇರುವುದಿಲ್ಲ. ಸ್ವಲ್ಪಸ್ವಲ್ಪ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ರೋಗಿಗೊಂದು ಅಡುಗೆ, ಉಳಿದವರಿಗೊಂದು ಎಂದು ಬೇರೆ ಮಾಡುವ ಏರ್ಪಾಟು ಹೆಚ್ಚು ದಿನ ನಡೆಯುವುದಿಲ್ಲ. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯವರು, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು.

ಕಾವಲು ಕಾಯಬೇಡಿ

'ಅದು ಮುಟ್ಟಬೇಡಿ, ಇದು ಮಾಡಬೇಡಿ' ಎಂದು ದಿನವಿಡೀ ಹೇಳಿದರೆ ಕದ್ದು ತಿನ್ನುವುದು ಶುರುವಾಗುತ್ತದೆ. ಎರಡು ವಾರಕ್ಕೂ ಹೆಚ್ಚು ಮಂಕಾಗಿದ್ದು, ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಸೋಮಾರಿತನ ಎನ್ನಬೇಡಿ. ಹೃದಯಾಘಾತದ ನಂತರ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ.

ನಡೆಯುವಾಗ ಎದೆ ಹಿಡಿದಂತಾದರೆ ಕೂರಿಸಿ, ವೈದ್ಯರು ಬರೆದುಕೊಟ್ಟಿದ್ದರೆ ನಾಲಿಗೆಯಡಿ ಇಡುವ ಮಾತ್ರೆ ಕೊಡಿ. 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಆಂಬುಲೆನ್ಸ್ ಕರೆಯಿರಿ. ರೋಗಿಯೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ.