ಅರಮನೆಯ ಅಂಗಳದಲ್ಲಿ ಮಕ್ಕಳಿಗೆ ವೀರಗಲ್ಲು ಓದಿಸುವುದು

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ ಚಿಕ್ಕದು. ಪ್ರವಾಸದ ಬಸ್ಸಿನಿಂದ ಇಳಿದ ಮಕ್ಕಳು ಸರಸರನೆ ಒಂದು ಸುತ್ತು ಹಾಕಿ, ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನಾಗಿ ನಾನು ಎಲ್ಲವನ್ನೂ ತೋರಿಸಲು ಹೋಗುವುದಿಲ್ಲ. ಕಾದಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲು, ಮಾಸ್ತಿಕಲ್ಲುಗಳಂಥ ನಾಲ್ಕೈದು ಕಲ್ಲುಗಳ ಮುಂದೆ ಮಾತ್ರ ನಿಲ್ಲಿಸುತ್ತೇನೆ.

ಕೆಲಸ ತರಗತಿಯಲ್ಲೇ ಶುರುವಾಗುತ್ತದೆ. ಪ್ರತಿಯೊಬ್ಬರಿಂದ ಅಜ್ಜನ ಊರು, ಅಜ್ಜಿಯ ತವರೂರು ಬರೆಸಿಕೊಳ್ಳುತ್ತೇನೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿ ಹಳೆಯ ಶಿವಮೊಗ್ಗ ಜಿಲ್ಲೆಯ ಶಾಸನಗಳಿವೆ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಮೊದಲನೆಯದರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎರಡನೆಯದರಲ್ಲಿ. ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಹುಡುಕುವುದು ಸುಲಭ. ‘ಸಾರ್, ಇದು ನಮ್ಮೂರು!’ ಎಂದು ಒಬ್ಬಳು ಕೂಗಿದರೆ ಸಾಕು, ಉಳಿದವರೆಲ್ಲ ಪುಟ ತಿರುವತೊಡಗುತ್ತಾರೆ.

ಹೊರಡುವುದು ಬೆಳಗಿನ ಹೊತ್ತಿಗೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸವೆದ ಉಬ್ಬುಚಿತ್ರ ಕಾಣುವುದೇ ಇಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಕತ್ತಿಯ ಅಂಚೂ ಎದ್ದು ತೋರುತ್ತದೆ. ಮೋಡವಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯುತ್ತೇನೆ. ಅಕ್ಷರ ಕಾಣಲೆಂದು ಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದನ್ನು ಮಾತ್ರ ಯಾರೂ ಮಾಡಬಾರದು. ಅದು ಕಲ್ಲಿನ ರಂಧ್ರಕ್ಕೆ ಇಳಿದರೆ ಪೂರ್ತಿ ತೆಗೆಯುವುದು ಕಷ್ಟ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ನಾನು ಮೊದಲೇ ಹೇಳುವುದಿಲ್ಲ. ‘ಇಲ್ಲಿ ಯಾರು ಸತ್ತರು?’ ಎಂದು ಕೇಳಿ ಸುಮ್ಮನಿರುತ್ತೇನೆ. ಕೆಳಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗೆ ದನಗಳಿದ್ದರೆ ತುರುಗೋಳಿನ, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವ ದಾಳಿಯ, ಕಥೆ. ಹಟ್ಟಿಯ ದನ ಬಿಡಿಸಿಕೊಳ್ಳಲು ಪ್ರಾಣ ಕೊಟ್ಟವನು ರಾಜನಾಗಿರಬೇಕಿಲ್ಲ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುವ ಆ ಗಳಿಗೆಗಾಗಿಯೇ ನಾನು ಇಷ್ಟೆಲ್ಲ ಮಾಡುವುದು. ಪಠ್ಯಪುಸ್ತಕದ ತುಂಬ ರಾಜರೇ ಇರುವಾಗ ಇದು ಸಣ್ಣ ಸಂಗತಿಯಲ್ಲ.

ಮಾಸ್ತಿಕಲ್ಲಿನ ಮುಂದೆ ದನಿ ತಗ್ಗಿಸಿ ಮಾತನಾಡುತ್ತೇನೆ. ಕಂಬದಿಂದ ಚಾಚಿದ ತೋಳು, ಒಡೆಯದ ಬಳೆಗಳು, ಕೈಯಲ್ಲಿ ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಣ್ಣಿನ ನೆನಪು ಅದು. ಅದನ್ನು ವೈಭವವೆಂದು ವರ್ಣಿಸಲು ನನಗೆ ಮನಸ್ಸೊಪ್ಪುವುದಿಲ್ಲ, ಮುಚ್ಚಿಡಲೂ ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಇಲ್ಲಿ ಕೇಳುವ ಪ್ರಶ್ನೆಗಳಿಗೆ ಪೂರ್ತಿ ಸಮಯ ಕೊಡುತ್ತೇನೆ, ಒಳಗಿನ ಕೋಣೆ ನೋಡುವುದು ತಪ್ಪಿದರೂ ಸರಿ.

ಕೊನೆಗೆ ಕಟ್ಟಡ. ದಪ್ಪ ಮರದ ಕಂಬಗಳ ದರ್ಬಾರು ಸಭಾಂಗಣದಲ್ಲಿ ನಿಂತು, ‘ಇದನ್ನು ಕಟ್ಟಿಸಿದವರು ಯಾರು?’ ಎನ್ನುತ್ತೇನೆ. ಎಲ್ಲರೂ ಒಕ್ಕೊರಲಿನಿಂದ ಶಿವಪ್ಪನಾಯಕ ಎನ್ನುತ್ತಾರೆ. ಕೆಳದಿಯ ಅರಸನಾದ ಆತ ಆಳಿದ್ದು 1645ರಿಂದ 1660ರವರೆಗೆ, ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ. ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡದ್ದು 1763ರಲ್ಲಿ. ಈಗಿನ ಅರಮನೆ ಹೈದರನ ಕಾಲದ್ದೆಂದು ಹೇಳುವ ಇತಿಹಾಸಕಾರರಿದ್ದಾರೆ. ಹೆಸರನ್ನೇ ಸಾಕ್ಷಿಯೆಂದು ಹಿಡಿಯಬಹುದೇ ಎಂಬ ಚರ್ಚೆ ಬಸ್ಸಿನಲ್ಲಿಯೂ ಮುಂದುವರಿಯುತ್ತದೆ.

ಮನೆಗೆಲಸ ಒಂದೇ: ಊರಿನಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇಂಥ ಕಲ್ಲು ಕಂಡರೆ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೊ ತೆಗೆಯಬೇಕು, ಜಾಗವನ್ನು ಬರೆದುಕೊಳ್ಳಬೇಕು. ಕಲ್ಲನ್ನು ಅಲುಗಿಸಬಾರದು. ಅಕ್ಷರಗಳಿರುವ ಚಿತ್ರಗಳನ್ನು ರೈಸ್ ಸಂಪುಟದೊಂದಿಗೆ ಹೋಲಿಸಿ, ಅದರಲ್ಲಿ ಸಿಗದವನ್ನು ಪುರಾತತ್ವ ಇಲಾಖೆಗೆ ಕಳುಹಿಸುತ್ತೇವೆ.