ಬಿಸಿಲಿಗೆ ಏರುವ ಹಳ್ಳ: ಸ್ಪಿತಿಯಿಂದ ಚಂದ್ರಾ ಕಣಿವೆಗೆ ಸೈಕಲ್ಲಿನಲ್ಲಿ

ನಾನು ತೀರ್ಥಹಳ್ಳಿ ಕಡೆಯವನು. ಹಳ್ಳದ ಬಗ್ಗೆ ಚಿಕ್ಕಂದಿನಿಂದ ಗೊತ್ತಿದ್ದ ಲೆಕ್ಕ ಒಂದೇ. ಮಳೆ ಹೊಡೆದರೆ ಏರುತ್ತೆ, ಮಳೆ ಬಿಟ್ಟರೆ ಇಳಿಯುತ್ತೆ. ಹಿಮಾಚಲದ ಚಂದ್ರಾ ಕಣಿವೆಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಆಕಾಶದಲ್ಲಿ ಒಂದು ಚೂರೂ ಮೋಡ ಇಲ್ಲ, ಕಣ್ಣು ಬಿಡೋಕಾಗದಷ್ಟು ಬಿಸಿಲು. ಆ ಬಿಸಿಲಿಗೇ ಹಳ್ಳ ಉಕ್ಕಿ ರಸ್ತೆ ಮೇಲೆ ಹರಿಯುತ್ತಿತ್ತು.

ಗೆಳೆಯ ಮತ್ತು ನಾನು ಜುಲೈ ಮೊದಲ ವಾರ ಶಿಮ್ಲಾದಿಂದ ಹೊರಟೆವು. ಇಬ್ಬರದೂ ಗ್ರಾವೆಲ್ ಸೈಕಲ್, ಅಂದರೆ ಕಲ್ಲು ಮಣ್ಣಿನ ದಾರಿಗೆ ಅಂತಲೇ ಮಾಡಿದ್ದು. ನೋಡೋಕೆ ರೋಡ್ ಬೈಕಿನ ಹಾಗೇ ಬಾಗಿದ ಹ್ಯಾಂಡಲ್, ಆದರೆ 45 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟಯರ್. ಸ್ಪಿತಿ ಮತ್ತು ಚಂದ್ರಾ ಕಣಿವೆಗಳ ನಡುವಿನ ಕುಂಜುಮ್ ಪಾಸ್ ಹತ್ತೋಕೆ ಮನಾಲಿಯಿಂದ ದೂರ ಕಡಿಮೆ. ಆದರೂ ನಾನು ಯಾರಿಗೂ ಆ ಕಡೆಯಿಂದ ಮೊದಲ ಸಲ ಹೋಗಿ ಅನ್ನಲ್ಲ. ಎರಡು ಮೂರು ದಿನದಲ್ಲೇ 4,500 ಮೀಟರ್ ಎತ್ತರಕ್ಕೆ ಹೋಗಿಬಿಡುತ್ತೀರಿ, ಮೈ ಅದಕ್ಕೆ ಒಗ್ಗಿರಲ್ಲ. ಶಿಮ್ಲಾ ಕಡೆಯಿಂದಾದರೆ ಮೊದಲು ರಾಮಪುರದವರೆಗೆ ಇಳಿದು, ಆಮೇಲೆ ಸಟ್ಲೆಜ್ ಪಕ್ಕದಲ್ಲೇ ನಿಧಾನಕ್ಕೆ ಏರುತ್ತಾ ಹೋಗಬಹುದು. ಖಾಬ್ ಹತ್ತಿರ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತೆ. ಅಲ್ಲಿಂದ ಮುಂದೆ ಸ್ಪಿತಿಯ ಜೊತೆ ಪ್ರಯಾಣ. ನಾಕೋದಲ್ಲಿ ಒಂದು ರಾತ್ರಿ ನನಗೆ ತಲೆನೋವು ಬಂತು. ಮಾರನೇ ದಿನ ತಾಬೋಗೆ ಇಳಿದು ಎರಡು ದಿನ ಸುಮ್ನೆ ಕೂತೆವು. 996ರಲ್ಲಿ ಕಟ್ಟಿದ ಮಠ ಅಲ್ಲಿದೆ. ಮಣ್ಣಿನ ಗೋಡೆ, ಒಳಗೆ ಮಬ್ಬು ಬೆಳಕು. ಆ ಎರಡು ದಿನ ಕೊಟ್ಟಿದ್ದಕ್ಕೆ ಮುಂದೆ ಕುಂಜುಮ್‌ನಲ್ಲಿ ಉಸಿರು ಉಳಿಯಿತು ಅಂತ ನನ್ನ ನಂಬಿಕೆ.

ಕಾಜಾದವರೆಗೆ ಡಾಂಬರು ಜಾಸ್ತಿ, ಕಲ್ಲು ಕಡಿಮೆ. ನಿಜವಾದ ಗ್ರಾವೆಲ್ ಶುರುವಾಗುವುದು ಆಮೇಲೆ. ಕಾಜಾದಲ್ಲಿ ಟಯರಿನ ಗಾಳಿ 40 ಪಿಎಸ್‌ಐನಿಂದ 30ಕ್ಕೆ ಇಳಿಸಿದೆ. ಸಾಮಾನು ಸೇರಿ ಸೈಕಲ್ ತೂಕ 24 ಕಿಲೋ ಇತ್ತು, ಅದಕ್ಕಿಂತ ಕಡಿಮೆ ಇಟ್ಟರೆ ರಿಮ್ ಕಲ್ಲಿಗೆ ಬಡಿಯುತ್ತೆ. ಗಾಳಿ ಇಳಿಸಿದ ಮೇಲೆ ಕಲ್ಲಿನ ಮೇಲೆ ಟಯರ್ ಪುಟಿಯೋದು ನಿಂತು, ಹಿಡಿದುಕೊಂಡು ಹೋಗೋಕೆ ಶುರುವಾಯಿತು. ಅಂಗೈ ನೋವು ಅರ್ಧಕ್ಕರ್ಧ ಕಡಿಮೆ.

ಮುಖ್ಯ ರಸ್ತೆ ಬಿಟ್ಟು ಕೀ, ಕಿಬ್ಬರ್, ಚಿಚಮ್ ಸುತ್ತಿ ಲೋಸರ್‌ಗೆ ಹೋದೆವು. ಏರು ಜಾಸ್ತಿ, ಆದರೆ ಬಿಡಬೇಡಿ. ಕಿಬ್ಬರ್ ಮತ್ತು ಚಿಚಮ್ ನಡುವೆ ಆಳವಾದ ಕಮರಿ ಇದೆ. 2017ರಲ್ಲಿ ಸೇತುವೆ ಆಗುವ ಮೊದಲು ಊರಿನವರು ಹಗ್ಗಕ್ಕೆ ತೂಗುಹಾಕಿದ ತೊಟ್ಟಿಲಿನಲ್ಲಿ ಕೂತು ಅದನ್ನು ದಾಟುತ್ತಿದ್ದರು. ಸೇತುವೆ ಮಧ್ಯೆ ಸೈಕಲ್ ನಿಲ್ಲಿಸಿ ಕೆಳಗೆ ನೋಡಿದೆ. ನೀರು ದಾರದ ಎಳೆಯ ಹಾಗೆ ಕಾಣುತ್ತಿತ್ತು.

ಲೋಸರ್‌ನಿಂದ ಕುಂಜುಮ್ ಹತ್ತೊಂಬತ್ತು ಕಿ.ಮೀ. ಇರಬಹುದು. ಬೆಳಿಗ್ಗೆ ಐದೂವರೆಗೆ ಹೊರಟು ಒಂಬತ್ತೂಕಾಲಕ್ಕೆ ಮೇಲಿದ್ದೆವು. ನನ್ನ ಅತಿ ಹಗುರ ಗೇರ್‌ನಲ್ಲಿ ಚೈನ್ ಕೂರುವ ಚಕ್ರಕ್ಕೆ ಮುಂದೆ 30 ಹಲ್ಲು, ಹಿಂದೆ 34. ಅದಕ್ಕಿಂತ ಭಾರದ ಗೇರ್ ಇದ್ದರೆ ನಾನು ತಳ್ಳಿಕೊಂಡೇ ಹೋಗುತ್ತಿದ್ದೆ. ಮೇಲೆ ಸ್ತೂಪಗಳು, ಗಾಳಿಗೆ ಪಟಪಟ ಬಡಿಯುವ ಬಣ್ಣದ ಪತಾಕೆಗಳು, ಕುಂಜುಮ್ ಮಾತೆಯ ಗುಡಿ. ಬರುವ ಗಾಡಿಗಳೆಲ್ಲ ಒಂದು ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗುತ್ತವೆ. ನಾವೂ ಹಾಕಿದೆವು. ಈ ಕಡೆ ಬಿದ್ದ ನೀರು ಸ್ಪಿತಿಯಾಗಿ ಸಟ್ಲೆಜ್‌ಗೆ, ಆ ಕಡೆ ಬಿದ್ದದ್ದು ಚಂದ್ರಾ ಆಗಿ ಚಿನಾಬ್‌ಗೆ.

ಇಳಿಜಾರು ಮುಗಿದು ಬಾತಲ್ ಸೇರುವಾಗ ಹನ್ನೊಂದು ಗಂಟೆ. ಢಾಬಾದಲ್ಲಿ ಅನ್ನ, ರಾಜ್ಮಾ ತಿಂದೆವು. ಬಡಿಸಿದ ಅಮ್ಮ ನಮ್ಮ ಸೈಕಲ್ ನೋಡಿ, ಇವತ್ತು ಇಲ್ಲೇ ಇರಿ, ಬೆಳಿಗ್ಗೆ ಹೋಗಿ ಅಂದರು. ಮುಂದೆ ತಂಗಬೇಕಿದ್ದ ಛತ್ರು ಮೂವತ್ತು ಚಿಲ್ಲರೆ ಕಿ.ಮೀ., ಅದೂ ನದಿ ಹರಿಯುವ ದಿಕ್ಕಿಗೇ ಇಳಿಜಾರು, ಮೂರು ಗಂಟೆ ಸಾಕು ಅಂತ ನಾವು ಲೆಕ್ಕ ಹಾಕಿದೆವು. ಅವರ ಮಾತು ಕೇಳಬೇಕಿತ್ತು. ಬಾತಲ್‌ನಿಂದ ಮುಂದೆ ರಸ್ತೆ ಅಂದರೆ ಗುಂಡುಕಲ್ಲಿನ ಹಾಸು. ಮಧ್ಯಾಹ್ನ ಆದ ಮೇಲೆ ಕಣಿವೆಯ ಕೆಳಗಿನಿಂದ ಮೇಲಕ್ಕೆ ಗಾಳಿ ಬೀಸುತ್ತೆ, ಇಳಿಜಾರಲ್ಲೂ ಪೆಡಲ್ ತುಳಿಯಬೇಕು. ಹದಿನೈದು ಹದಿನಾರು ಕಿ.ಮೀ. ಹೋಗುವಷ್ಟರಲ್ಲಿ ಮೂರೂವರೆ. ಅಲ್ಲಿ ಸಿಕ್ಕಿತು ನಾಲಾ. ಹಳ್ಳಕ್ಕೆ ಅಲ್ಲಿನವರು ಹಾಗೇ ಕರೆಯೋದು.

ಅಗಲ ನಮ್ಮೂರ ಅಂಗಳದಷ್ಟು. ನೀರಿನ ಬಣ್ಣ ಹಾಲು ಹೆಚ್ಚಾದ ಚಹಾದ ಹಾಗೆ, ತಳ ಕಾಣಲ್ಲ. ಸೈಕಲ್ ಈ ಕಡೆಯೇ ಬಿಟ್ಟು ನಾಲ್ಕು ಹೆಜ್ಜೆ ಇಟ್ಟೆ. ನೀರು ಮೊಣಕಾಲಿನ ಮೇಲೆ ಬಂತು, ಕಾಲಿನ ಬೆರಳು ಮರಗಟ್ಟಿದವು. ಆಗ ಒಂದು ಸದ್ದು ಕೇಳಿಸಿತು. ಡಬ್, ಡಬ್ ಅಂತ, ನೀರಿನ ಅಡಿಯಿಂದ. ಪ್ರವಾಹಕ್ಕೆ ದೊಡ್ಡ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದು ಅದು. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಯಿತು. ನಾನು ತಿರುಗಿ ಬಂದೆ. ಗೆಳೆಯ ಒಂದು ಮಾತೂ ಆಡದೆ ಬ್ಯಾಗಿನಿಂದ ಟೆಂಟ್ ತೆಗೆಯೋಕೆ ಶುರು ಮಾಡಿದ.

ಹಳ್ಳದಿಂದ ದೂರ, ಎತ್ತರದ ಜಾಗ ನೋಡಿ ಟೆಂಟ್ ಹಾಕಿದೆವು. ಸಂಜೆ ಐದಕ್ಕೆ ನೀರಿನ ಅಂಚಿಗೆ ಒಂದು ಬಿಳಿ ಕಲ್ಲು ಇಟ್ಟೆ. ಆರು ಗಂಟೆಗೆ ಅದು ಮುಳುಗಿತ್ತು. ಮೇಲಿನ ಹಿಮ ಮಧ್ಯಾಹ್ನ ಕರಗಿದ್ದು ಕೆಳಗೆ ತಲುಪೋಕೆ ಹೊತ್ತು ಹಿಡಿಯುತ್ತೆ ಅಲ್ವಾ, ಹಾಗಾಗಿ ಬಿಸಿಲು ಇಳಿದ ಮೇಲೂ ನೀರು ಏರುತ್ತಲೇ ಇತ್ತು. ರಾತ್ರಿಯೆಲ್ಲ ಡಬ್ ಡಬ್. ಎರಡು ಗಂಟೆ ಹೊತ್ತಿಗೆ ಎಚ್ಚರವಾಯಿತು. ಕಲ್ಲಿನ ಸದ್ದು ನಿಂತಿತ್ತು. ಬರೀ ನೀರಿನ ಸದ್ದು.

ಬೆಳಿಗ್ಗೆ ಐದೂಮುಕ್ಕಾಲಿಗೆ ಹೋಗಿ ನೋಡಿದರೆ ಬಿಳಿ ಕಲ್ಲು ಒಣಗಿತ್ತು. ನೀರು ಅದರಿಂದ ಎರಡು ಮಾರು ಆಚೆ. ತಿಳಿಯಾಗಿತ್ತು, ಒಂದೊಂದು ಹರಳೂ ಕಾಣುತ್ತಿತ್ತು. ಪಾದದ ಗಂಟು ಮುಳುಗುವಷ್ಟು ಆಳ. ಬ್ಯಾಗ್‌ಗಳನ್ನು ಬಿಚ್ಚಿ ಮೊದಲು ದಾಟಿಸಿದೆವು, ಆಮೇಲೆ ಸೈಕಲ್. ಸೈಕಲ್ ಯಾವಾಗಲೂ ನೀರು ಹರಿದು ಹೋಗುವ ಕಡೆ ಇರಬೇಕು, ನೀವು ನೀರು ಬರುವ ಕಡೆ. ಉಲ್ಟಾ ಹಿಡಿದರೆ ನೀರು ಸೈಕಲ್ಲನ್ನು ನಿಮ್ಮ ಕಾಲಿಗೇ ದೂಡುತ್ತೆ. ಬರಿಗಾಲಲ್ಲಿ ಇಳಿಯಬೇಡಿ, ಪಟ್ಟಿ ಇರುವ ಸ್ಯಾಂಡಲ್ ಒಂದು ಜೊತೆ ಇಟ್ಟುಕೊಳ್ಳಿ. ಶೂ ಒಣಗಿರಲಿ, ಇಡೀ ದಿನ ಅದರಲ್ಲೇ ತುಳಿಯಬೇಕು.

ಛತ್ರುವರೆಗೆ ಇನ್ನೂ ಕೆಲವು ನಾಲಾ ಸಿಕ್ಕವು, ಎಲ್ಲವನ್ನೂ ಎಂಟೂವರೆಯೊಳಗೆ ದಾಟಿದೆವು. ಎದುರುಗಾಳಿ ಇರಲಿಲ್ಲ. ಛತ್ರುವಿನಲ್ಲಿ ಚಹಾ ಕುಡಿದು ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಿದೆ. ಮರಳು ಕೂತು ಕೂತು ಹೆಚ್ಚುಕಮ್ಮಿ ತಗಡೇ ಕಾಣುತ್ತಿತ್ತು. ಇನ್ನೊಂದು ಜೊತೆ ಪ್ಯಾಡ್ ಇಲ್ಲದೆ ಈ ದಾರಿಗೆ ಬರಬೇಡಿ.

ಮುಂದೆ ಎರಡು ವರ್ಷ ಬಿಟ್ಟು ಅದೇ ದಾರಿಗೆ ಸೆಪ್ಟೆಂಬರಿನಲ್ಲಿ ಹೋದೆ. ಹಿಮ ಅಷ್ಟೊಂದು ಕರಗುತ್ತಿರಲಿಲ್ಲ, ನಾಲಾಗಳೂ ತಣ್ಣಗಿದ್ದವು. ಆದರೂ ಕುಂಜುಮ್ ಇಳಿದು ಬಾತಲ್‌ನಲ್ಲಿ ಉಳಿದೆ. ಢಾಬಾದಲ್ಲಿ ಮಧ್ಯಾಹ್ನ ಪೂರ್ತಿ ಕೂತು ಚಂದ್ರಾ ನದಿಯ ಬಣ್ಣ ಬದಲಾಗೋದನ್ನು ನೋಡಿದೆ. ಹನ್ನೊಂದಕ್ಕೆ ತಿಳಿ ನೀಲಿ, ಎರಡಕ್ಕೆ ಬೂದಿ, ನಾಲ್ಕರ ಹೊತ್ತಿಗೆ ಚಹಾ. ಅಲಾರಂ ನಾಲ್ಕೂಮುಕ್ಕಾಲಿಗೆ ಇಟ್ಟು ಮಲಗಿದೆ.